ವಯಸ್ಕ ಯುವಜನರಿಗೆ ಗೌಪ್ಯ ಗರ್ಭನಿರೋಧಕ ಸೇವೆ: ಸಾರ್ವಜನಿಕರಿಗೆ ಮಾಹಿತಿ

ಸಂಪ್ರದಾಯಸ್ಥ ಕುಟುಂಬಗಳಲ್ಲಿ ಗರ್ಭನಿರೋಧಕಗಳ ವಿಷಯವನ್ನು ತಂದೆ-ತಾಯಿಯರ ಮುಂದೆ ಪ್ರಸ್ತಾಪಿಸಲು ಅನೇಕ ಯುವಕ-ಯುವತಿಯರಿಗೆ ಸಾಧ್ಯವಾಗುವುದಿಲ್ಲ. ಮನೆಯವರಿಗೆ ತಿಳಿದೀತೆಂಬ ಭಯದಿಂದ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿ, ಕೊನೆಗೆ ಅನರ್ಹರ ಬಳಿ ಗರ್ಭಪಾತ ಮಾಡಿಸಿಕೊಂಡು ಪ್ರಾಣಾಪಾಯಕ್ಕೆ ಸಿಲುಕುವವರೂ ಇದ್ದಾರೆ. ಇದನ್ನು ತಪ್ಪಿಸುವ ಸಲುವಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಯಾರ ಒಪ್ಪಿಗೆ ಅಗತ್ಯ?

18 ವರ್ಷ ತುಂಬಿದವರು ಕಾನೂನಿನ ಪ್ರಕಾರ ವಯಸ್ಕರು. ತಾತ್ಕಾಲಿಕ ಗರ್ಭನಿರೋಧಕ ವಿಧಾನಗಳನ್ನು ಪಡೆಯಲು ಅವರ ಸ್ವಂತ ಒಪ್ಪಿಗೆಯೇ ಸಾಕು. ತಂದೆ-ತಾಯಿ ಅಥವಾ ಪತಿಯ ಒಪ್ಪಿಗೆಯನ್ನು ಯಾವ ಕಾನೂನೂ ಕಡ್ಡಾಯಗೊಳಿಸಿಲ್ಲ. ಅವಿವಾಹಿತರೆಂಬ ಕಾರಣಕ್ಕೆ ಸೇವೆಯನ್ನು ನಿರಾಕರಿಸಲು ಅವಕಾಶವಿರುವುದಿಲ್ಲ.

18 ವರ್ಷದೊಳಗಿನವರ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ ನಿಯಮಗಳು ಅನ್ವಯಿಸುವುದರಿಂದ ಈ ಮಾಹಿತಿಯು ಅವರಿಗೆ ಸಂಬಂಧಿಸಿರುವುದಿಲ್ಲ.

2. ಗೌಪ್ಯತೆ

ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯಂತೆ, ನ್ಯಾಯಾಲಯದ ಆದೇಶವೇ ಮುಂತಾದ ಕೆಲವು ಸಂದರ್ಭಗಳ ಹೊರತು, ಚಿಕಿತ್ಸೆಯ ವೇಳೆ ತಿಳಿದ ವಿಷಯವನ್ನು ವೈದ್ಯರು ಬಹಿರಂಗಪಡಿಸುವಂತಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪು ನೀಡಿದೆ.

3. ಲಭ್ಯವಿರುವ ವಿಧಾನಗಳು

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಕೆಳಗಿನವುಗಳನ್ನು ಉಚಿತವಾಗಿ ನೀಡಲಾಗುತ್ತದೆ:

ಅ) ನಿರೋಧ್: ಎಚ್‌ಐವಿ ಹಾಗೂ ಲೈಂಗಿಕ ಸೋಂಕುಗಳಿಂದಲೂ ರಕ್ಷಣೆ ನೀಡುವ ವಿಧಾನ ಇದೊಂದೇ.

ಆ) ಮಾಲಾ-ಎನ್: 28 ಗುಳಿಗೆಗಳ ಪಟ್ಟಿ. ಪ್ರತಿದಿನ ತಪ್ಪದೆ ಒಂದನ್ನು ನುಂಗಬೇಕು.

ಇ) ಛಾಯಾ: ಹಾರ್ಮೋನ್‌ರಹಿತ ಗುಳಿಗೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಂತರ ವಾರಕ್ಕೆ ಒಂದು.

ಈ) ಅಂತರಾ: ಮೂರು ತಿಂಗಳಿಗೊಮ್ಮೆ ನೀಡುವ ಚುಚ್ಚುಮದ್ದು.

ಉ) ಕಾಪರ್-ಟಿ (ವಂಕಿ): 5 ವರ್ಷ ಅಥವಾ 10 ವರ್ಷಗಳ ಅವಧಿಯದು. ವೈದ್ಯಕೀಯ ಪರೀಕ್ಷೆಯ ನಂತರ ಅಳವಡಿಸಲಾಗುತ್ತದೆ.

ಗುಳಿಗೆಯ ಪಟ್ಟಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗದವರಿಗೆ ಅಂತರಾ ಅನುಕೂಲಕರ. ಆದರೆ ಇದರಿಂದ ಮುಟ್ಟಿನಲ್ಲಿ ಏರುಪೇರಾಗಬಹುದು ಅಥವಾ ಮುಟ್ಟು ನಿಲ್ಲಬಹುದು. ಇದು ಮನೆಯವರ ಗಮನಕ್ಕೆ ಬರುವ ಸಾಧ್ಯತೆಯಿರುತ್ತದೆ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಲೂಬಹುದು. ಈ ಸಂಗತಿಗಳನ್ನು ವೈದ್ಯರೊಡನೆ ಚರ್ಚಿಸಿ ವಿಧಾನವನ್ನು ಆರಿಸಿಕೊಳ್ಳತಕ್ಕದ್ದು.

4. ತುರ್ತು ಸಂದರ್ಭ

ಅಸುರಕ್ಷಿತ ಸಂಪರ್ಕವಾದ 72 ಗಂಟೆಗಳೊಳಗೆ ತುರ್ತು ಗರ್ಭನಿರೋಧಕ ಗುಳಿಗೆಯನ್ನು ತೆಗೆದುಕೊಳ್ಳಬೇಕು. ತಡವಾದಷ್ಟೂ ಅದರ ಪರಿಣಾಮ ಕಡಿಮೆ. ಔಷಧಿ ಅಂಗಡಿಗಳಲ್ಲಿ ಇದನ್ನು ವೈದ್ಯರ ಚೀಟಿಯಿಲ್ಲದೆ ಪಡೆಯಬಹುದು. ಇದು ನಿತ್ಯ ಬಳಕೆಗಲ್ಲ. ಈಗಾಗಲೇ ನಿಂತ ಗರ್ಭವನ್ನು ಇದು ತೆಗೆಯುವುದಿಲ್ಲ.

ಮುಟ್ಟು ನಿಂತಲ್ಲಿ ಕೂಡಲೇ ಗರ್ಭ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯಂತೆ, ಗರ್ಭನಿರೋಧಕ ವಿಫಲವಾದಾಗ 20 ವಾರಗಳವರೆಗೆ ಅವಿವಾಹಿತ ಮಹಿಳೆಯರೂ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಗರ್ಭಪಾತ ಸೇವೆಯನ್ನು ಪಡೆಯಬಹುದು. ವಯಸ್ಕ ಮಹಿಳೆಯ ಒಪ್ಪಿಗೆ ಮಾತ್ರ ಅಗತ್ಯ. ಹೆಸರನ್ನು ಬಹಿರಂಗಪಡಿಸುವುದು ಶಿಕ್ಷಾರ್ಹ ಅಪರಾಧ.

5. ಸೇವೆ ಪಡೆಯುವವರ ಗಮನಕ್ಕೆ

• ಊರಿನ ಆಶಾ ಕಾರ್ಯಕರ್ತೆ ನೆರೆಹೊರೆಯವರಾಗಿದ್ದು ಸಂಕೋಚವೆನಿಸಿದಲ್ಲಿ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ನೇರವಾಗಿ ಹೋಗಬಹುದು.
• 18 ಮತ್ತು 19 ವರ್ಷದವರು ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತ ಸಮಾಲೋಚನೆ ಪಡೆಯಬಹುದು.
• ಮೊಬೈಲ್ ಸಂಖ್ಯೆ ಕೇಳಿದಲ್ಲಿ, ಮನೆಯವರು ಬಳಸುವ ಸಂಖ್ಯೆಯನ್ನು ನೀಡದಿರುವುದು ಸೂಕ್ತ.
• ಚೀಟಿ, ಕಾರ್ಡುಗಳನ್ನು ಎಲ್ಲಿ ಇಡಬೇಕೆಂಬುದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳಿತು.
• ರಕ್ತದೊತ್ತಡ, ತಲೆಶೂಲೆ, ಧೂಮಪಾನ ಮುಂತಾದ ವಿವರಗಳನ್ನು ವೈದ್ಯರಿಂದ ಮುಚ್ಚಿಡಬಾರದು.

ಪೋಷಕರನ್ನು ಕರೆತರುವಂತೆ ಒತ್ತಾಯಿಸಿದಲ್ಲಿ ಅಥವಾ ಸೇವೆಯನ್ನು ನಿರಾಕರಿಸಿದಲ್ಲಿ, ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು. ತುರ್ತು ಗುಳಿಗೆಯ ಅಗತ್ಯವಿರುವವರು ದೂರಿನ ಇತ್ಯರ್ಥಕ್ಕಾಗಿ ಕಾಯದೆ, ಗುಳಿಗೆಯನ್ನು ಬೇರೆಡೆಯಿಂದ ಕೂಡಲೇ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.