ಪದದ ಲೆಕ್ಕದ ಕೂಲಿ: ಆಟ ಬರೆಯುವವರ ವೃತ್ತಿ

ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಘಟಕಗಳ ಲೆಕ್ಕಾಚಾರ ನಮ್ಮ ಓದುಗರಿಗೆ ಹೊಸದೇನಲ್ಲ. ಕಚ್ಚಾ ಸಾಮಗ್ರಿ ಕೊಟ್ಟವರದೇ ಸಿದ್ಧವಸ್ತು. ದುಡಿದವರಿಗೆ ದಕ್ಕುವುದು ನಗಕ್ಕಿಷ್ಟೆಂಬ ಕೂಲಿ. ಬರವಣಿಗೆಯಲ್ಲಿಯೂ ಇದೇ ಪದ್ಧತಿ ಇರುವುದಕ್ಕೆ ಅಮೆರಿಕದ ರೋಲ್‌ಪ್ಲೇಯಿಂಗ್ ಗೇಮ್ ಉದ್ಯಮದ ಸ್ವತಂತ್ರ ಲೇಖಕರು ಹಾಗೂ ಸಂಪಾದಕರು ಉತ್ತಮ ನಿದರ್ಶನ.

ಮೇಜಿನ ಸುತ್ತ ಕುಳಿತು ಒಬ್ಬರು ಕಥೆ ನಡೆಸುವ, ಉಳಿದವರು ಪಾತ್ರಗಳಾಗಿ ದಾಳ ಉರುಳಿಸುವ ಆಟವಿದು. ಇಲ್ಲಿ ಮುಖ್ಯವಾಗಿ ಮಾರಾಟವಾಗುವ ಸರಕು ನಿಯಮಗಳ ಮತ್ತು ಕಥಾಲೋಕದ ಪುಸ್ತಕ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದ ಟಿಎಸ್ಆರ್ ಸಂಸ್ಥೆಯಿಂದ 1974ರಲ್ಲಿ ಹೊರಬಂದಿತು. ಮೊದಲ ಮುದ್ರಣ ಕೇವಲ 1,000 ಪೆಟ್ಟಿಗೆಗಳು. ಅವುಗಳನ್ನು ಕೈಯಿಂದಲೇ ಜೋಡಿಸಲಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 1979ರಲ್ಲಿ, ರಾಯಧನದ ವಿಷಯವಾಗಿ ಆರ್ನೆಸನ್ ಸಂಸ್ಥೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. 1981ರಲ್ಲಿ ರಾಜಿಯಾಯಿತು. ಮೂಲಕರ್ತರಿಗೇ ಈ ಪಾಡಾದರೆ ಹೊರಗಿನಿಂದ ಬರೆದುಕೊಡುವವರ ಸ್ಥಿತಿಯನ್ನು ಊಹಿಸಬಹುದು.

ಅವರಿಗೆ ಸಾಮಾನ್ಯವಾಗಿ ಸಂದಾಯವಾಗುವುದು ಪದಕ್ಕಿಷ್ಟು ಸೆಂಟ್ ಎಂಬ ದರದಲ್ಲಿ. ಉದಾಹರಣೆಗೆ ಪದಕ್ಕೆ 5 ಸೆಂಟ್‌ನಂತೆ 10,000 ಪದಗಳಿಗೆ 500 ಡಾಲರ್ ಎಂದಿಟ್ಟುಕೊಳ್ಳೋಣ. ಬರೆದು, ಆಡಿ ನೋಡಿ, ತಿದ್ದಿ ಕೊಡಲು 70 ಗಂಟೆ ಹಿಡಿದರೆ ಗಂಟೆಗೆ ದೊರೆಯುವುದು ಸುಮಾರು 7.14 ಡಾಲರ್. 2009ರಿಂದ ಜಾರಿಯಲ್ಲಿರುವ ಅಮೆರಿಕದ ಫೆಡರಲ್ ಕನಿಷ್ಠ ವೇತನವೇ 7.25 ಡಾಲರ್! ಇದರ ಮೇಲೆ ಸ್ವಉದ್ಯೋಗಿಗಳ ಸಾಮಾಜಿಕ ಭದ್ರತಾ ತೆರಿಗೆ ಶೇ. 15.3, ನೌಕರರಾಗಿದ್ದರೆ ಅದರ ಅರ್ಧವನ್ನು ಮಾಲೀಕರು ಭರಿಸುತ್ತಿದ್ದರು. ಹಣವು ಹಸ್ತಪ್ರತಿ ಒಪ್ಪಿದಾಗ ಬರುವುದೋ, ಪುಸ್ತಕ ಪ್ರಕಟವಾದ ಮೇಲೆ ಬರುವುದೋ ಎಂಬುದು ಕರಾರಿನ ಅತಿ ಮುಖ್ಯ ವಾಕ್ಯ. ಎರಡನೆಯದಾದರೆ ಪ್ರಕಾಶಕರ ದುಡಿಯುವ ಬಂಡವಾಳವನ್ನು ಲೇಖಕರೇ ಒದಗಿಸಿದಂತಾಗುತ್ತದೆ. ಉದ್ದರಿ ವ್ಯಾಪಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಂಪಾದಕರ ಕೆಲಸ ನಮ್ಮ ಲೆಕ್ಕಪರಿಶೋಧನೆಯನ್ನು ಹೋಲುತ್ತದೆ. ಒಂದು ಪುಟದ ಅಂಕಿ ಇನ್ನೊಂದು ಪುಟದ ನಿಯಮಕ್ಕೆ ತಾಳೆಯಾಗದಿದ್ದರೆ ಆಟವೇ ನಿಂತುಹೋಗುತ್ತದೆ. ಆದರೂ ಪದವೊಂದಕ್ಕೆ ಅವರ ದರ ಲೇಖಕರದಕ್ಕಿಂತ ಕಡಿಮೆಯಿರುವುದೇ ರೂಢಿ. ಪರಿಶೋಧಕರ ಶುಲ್ಕದ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ.

ಕೂಲಿಗಿಂತ ದೊಡ್ಡ ಪ್ರಶ್ನೆ ಒಡೆತನದ್ದು. ಅಮೆರಿಕದ 1976ರ ಕೃತಿಸ್ವಾಮ್ಯ ಕಾಯಿದೆಯ ‘ವರ್ಕ್ ಮೇಡ್ ಫಾರ್ ಹೈರ್’ ನಿಯಮದಂತೆ, ನಿರ್ದಿಷ್ಟ ವರ್ಗಗಳ ಕೃತಿಗಳಿಗೆ ಉಭಯರೂ ಲಿಖಿತವಾಗಿ ಒಪ್ಪಿ ಸಹಿ ಮಾಡಿದ್ದರೆ ಕಾನೂನಿನ ದೃಷ್ಟಿಯಲ್ಲಿ ಬರೆಸಿದವರೇ ಲೇಖಕರು. ಸಾಮಾನ್ಯ ವರ್ಗಾವಣೆಯನ್ನು 35 ವರ್ಷಗಳ ನಂತರ ರದ್ದುಪಡಿಸಲು ಲೇಖಕರಿಗೆ ಅವಕಾಶವಿದೆ. ಇದಕ್ಕೆ ಅದೂ ಇಲ್ಲ.

ಸ್ವಂತವಾಗಿ ಪ್ರಕಟಿಸುವ ಮಾರ್ಗವೂ ಕ್ರಮೇಣ ತೆರೆದುಕೊಂಡಿತು. 1997ರಲ್ಲಿ ಟಿಎಸ್ಆರ್ ಅನ್ನು ಕೊಂಡ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 1999ರಲ್ಲಿ ಹ್ಯಾಸ್ಬ್ರೋ ಪಾಲಾಯಿತು. 2000ದಲ್ಲಿ ಮುಕ್ತ ಪರವಾನಗಿಯೊಂದನ್ನು ಹೊರಡಿಸಿ ತನ್ನ ನಿಯಮಗಳನ್ನು ಇತರರೂ ಬಳಸಬಹುದೆಂದಿತು. 2016ರಲ್ಲಿ ಆರಂಭವಾದ ‘ಡಂಜನ್ ಮಾಸ್ಟರ್ಸ್ ಗಿಲ್ಡ್’ ಮಾರಾಟ ಮಳಿಗೆಯಲ್ಲಿ ಲೇಖಕರ ಪಾಲು ಶೇ. 50, ಆದರೆ ಅಲ್ಲಿಟ್ಟ ಸರಕನ್ನು ಬೇರೆಡೆ ಮಾರುವಂತಿಲ್ಲ. 2023ರ ಜನವರಿಯಲ್ಲಿ ಸಂಸ್ಥೆಯು ಮುಕ್ತ ಪರವಾನಗಿಯನ್ನೇ ಬದಲಿಸಲು ಹೊರಟ ಸುದ್ದಿ ಬಹಿರಂಗವಾದಾಗ, ಅದನ್ನು ನಂಬಿ ವ್ಯವಹಾರ ಕಟ್ಟಿದ್ದವರೆಲ್ಲ ಕಂಗಾಲಾದರು. ತೀವ್ರ ವಿರೋಧದಿಂದಾಗಿ ಅದೇ ತಿಂಗಳು ಸಂಸ್ಥೆ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು.

ಕ್ಯಾಟಲಾಗು, ಕೈಪಿಡಿ, ಜಾಹೀರಾತು ಬರಹಗಳನ್ನು ಹೊರಗಿನವರಿಂದ ಬರೆಸುವ ನಮ್ಮ ಸದಸ್ಯರು ಒಂದು ವ್ಯತ್ಯಾಸವನ್ನು ಗಮನಿಸತಕ್ಕದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಕಲಂ 17ರಂತೆ ನೌಕರರು ತಮ್ಮ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರಿಲ್ಲದಿದ್ದರೆ, ಮಾಲೀಕರದು. ಸ್ವತಂತ್ರ ಲೇಖಕರ ಬರಹ ಹಾಗಲ್ಲ. ಹಣ ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗದು. ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಕಲಂ 19 ಭಾವಿಸುತ್ತದೆ. ರಫ್ತು ಮಾಡುವವರು ಈ ಎರಡನೆಯ ಅಂಶವನ್ನು ಸಹಿಗೆ ಮುನ್ನ ನೋಡಿಕೊಳ್ಳುವುದು ಒಳಿತು.