ನಿಮಗಿದು ಗೊತ್ತೇ? ಹಳೇ ದುಡ್ಡಿನ ಅಸಲಿ ಬೆಲೆ

ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿತೇ? ಲಾಟರಿ ಹೊಡೆಯಿತೆಂದು ಹಿಗ್ಗಬೇಡಿ. ಟಂಕಸಾಲೆಯವರು 1874ರವರೆಗೂ ಅದೇ ಇಸವಿ ಒತ್ತುತ್ತಲೇ ಇದ್ದರು! ನಾಣ್ಯದ ಮೇಲಿನ ಪುಟ್ಟ ಚುಕ್ಕೆಗಳನ್ನು ಎಣಿಸಿ, ನಿಜವಾಗಿ ಯಾವ ವರ್ಷದ್ದೆಂದು ಬಲ್ಲವರು ಅಂದಾಜು ಮಾಡುತ್ತಾರೆ.

ಅದಕ್ಕಿಂತ 77 ವರ್ಷ ಚಿಕ್ಕದಾದ 1939ರ ಆರನೇ ಜಾರ್ಜ್ ರೂಪಾಯಿಯ ಮಾತೇ ಬೇರೆ. ಮರುವರ್ಷವೇ ರೂಪಾಯಿಯಲ್ಲಿನ ಬೆಳ್ಳಿ ಶೇ 91.7ರಿಂದ 50ಕ್ಕೆ ಇಳಿಯಿತು. 1939ರವು ಬಹುತೇಕ ಕರಗಿಹೋದವು, ಉಳಿದವಕ್ಕೆ ಭಾರಿ ಬೆಲೆ. ನಕಲಿಗಳೂ ಅಷ್ಟೇ ಹೇರಳ.

1947ರ ಹುಲಿ ರೂಪಾಯಿ? ಬೆಳ್ಳಿಯಲ್ಲ, ನಿಕ್ಕಲ್. ಆಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ.

1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿ ಮೇಲೊಂದು ಚಿಕ್ಕ ಆನೆ ಇತ್ತು. ಸೊಂಡಿಲು ಮೋಟಾಗಿ, ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಗದ್ದಲವೆದ್ದು ನಾಣ್ಯ ಹಿಂದೆ ಸರಿಯಿತು, 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಸಂಗ್ರಾಹಕರಿಗೆ ಬೇಕಿರುವುದು ಮಾತ್ರ ಆ 'ಹಂದಿ ರೂಪಾಯಿ'ಯೇ.

ಟಿಪ್ಪುವಿನ ಆನೆ ಕಾಸಿನಲ್ಲಿ ಅವನೇ ತಂದ ಮೌಲೂದಿ ಶಕೆಯ ವರ್ಷವನ್ನು ಬಲದಿಂದ ಎಡಕ್ಕೆ ಓದಬೇಕು. 8121 ಎಂದು ಕಂಡರೆ ಅದು 1218.

ರಾಮ, ಸೀತೆ, ಹನುಮಂತರಿರುವ 'ಈಸ್ಟ್ ಇಂಡಿಯಾ ಕಂಪನಿ, 1818' ಅರ್ಧಾಣೆಗೆ ಲಕ್ಷ ಹೇಳುವವರಿದ್ದಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ! 1616, 1717 ಎಂದಿದ್ದರೂ ಅಷ್ಟೇ, ಎಲ್ಲವೂ ಪೂಜೆಗೆಂದು ಮಾಡಿ ಮಾರಿದ ಬಿಲ್ಲೆಗಳು.

ಹಳೇ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಸಿದಿರೋ, ಬೆಲೆ ಬಿತ್ತು. ಕೊಳ್ಳುವವರು ಭೂತಗನ್ನಡಿಯಲ್ಲಿ ನೋಡುವುದು ಕಿರೀಟದ ಹರಳು, ಕಿವಿ ಮೇಲಿನ ಕೂದಲು. ಉಬ್ಬಿದ ಜಾಗ, ಮೊದಲು ಸವೆಯುವುದು ಅಲ್ಲೇ.

ನೋಟಿಗೆ ಮಡಿಕೆಯೇ ಶತ್ರು. ಸಂಖ್ಯೆಯ ನಡುವೆ ನಕ್ಷತ್ರವಿದ್ದರೆ ಅದು ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಬಂದದ್ದು. 2006ರಿಂದ ಈ ಪದ್ಧತಿ. ನಕ್ಷತ್ರವಿದ್ದ ಮಾತ್ರಕ್ಕೆ ಖೋಟಾ ಅಲ್ಲ.

ಹಳೇ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಎಂದು ಫೋನ್ ಬಂತೇ? ತನ್ನ ಹೆಸರಿನಲ್ಲೇ ನಡೆಯುತ್ತಿದ್ದ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಇನ್ನು, ರದ್ದಾದ 500, 1000ರ ನೋಟುಗಳನ್ನು ನೆನಪಿಗೆಂದು ಇಟ್ಟುಕೊಂಡವರು ಒಮ್ಮೆ ಎಣಿಸಿಕೊಳ್ಳಿ. 2017ರ ಕಾಯ್ದೆ ಪ್ರಕಾರ 10ರವರೆಗೆ ಅಡ್ಡಿಯಿಲ್ಲ. ಅಧ್ಯಯನಕ್ಕೋ ನಾಣ್ಯ-ನೋಟು ಸಂಗ್ರಹಕ್ಕೋ ಆದರೆ 25. ಅದಕ್ಕೂ ಮೀರಿದರೆ ದಂಡ.