ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ಎಷ್ಟು ಮಂದಿ?

ಮಕ್ಕಳು ಗಲ್ಫ್‌ನಲ್ಲಿ, ಊರಿನಲ್ಲಿ ಹಾಸಿಗೆ ಹಿಡಿದ ತಾಯಿ. ನೋಡಿಕೊಳ್ಳಲು ಬೇರೆ ದಾರಿಯಿಲ್ಲದೆ ವೃದ್ಧರ ಆರೈಕೆ ಕೇಂದ್ರ ಹುಡುಕುವ ಕುಟುಂಬಗಳು ನಮ್ಮಲ್ಲೂ ಇವೆ. ನೋಡಲು ಹೋದವರು ಕೋಣೆ, ಶೌಚಾಲಯ, ಅಡುಗೆಮನೆ ಪರಿಶೀಲಿಸುತ್ತಾರೆ. ನರ್ಸ್ ಎಷ್ಟು ಮಂದಿ ಎಂದೂ ಕೇಳುತ್ತಾರೆ. "ನಾಲ್ವರು" ಎಂದರೆ ಸಮಾಧಾನವಾಗುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರ ದುಡಿಮೆ ವಾರಕ್ಕೆ 48 ಗಂಟೆ. ಹಗಲೂ ರಾತ್ರಿ ಒಬ್ಬ ನರ್ಸ್ ಇರಬೇಕೆಂದರೆ ಮೂರೂವರೆ ಜನ ಬೇಕು. ರಜೆ, ಜ್ವರ, ಮನೆಯ ಮದುವೆ ಸೇರಿಸಿದರೆ ನಾಲ್ವರು. ಅಂದರೆ ನಾಲ್ವರು ನರ್ಸ್‌ಗಳಿರುವ ಕೇಂದ್ರದಲ್ಲಿ ಒಂದು ಹೊತ್ತಿಗೆ ಸಿಗುವುದು ಒಬ್ಬರೇ. ಬೆಳಿಗ್ಗೆ ಇಬ್ಬರನ್ನು ಹಾಕಿದರೆ ರಾತ್ರಿಗೆ ಆಯಾ ಮಾತ್ರ.

ರಾತ್ರಿ ಏನು ಕೆಲಸ, ಎಲ್ಲರೂ ಮಲಗಿರುತ್ತಾರಲ್ಲ ಎನ್ನುವವರಿದ್ದಾರೆ. ಏಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಅಂಥವರು ಆರು ಮಂದಿ ಇದ್ದಾರೆನ್ನಿ. ರಾತ್ರಿ 9ರಿಂದ ಬೆಳಿಗ್ಗೆ 7ರೊಳಗೆ ತಲಾ ಐದು ಸಲ, ಒಟ್ಟು 30 ಸಲ. ಒದ್ದೆಯಾದ ಬಟ್ಟೆ ಬದಲಿಸುವುದೂ ಸೇರಿ ಒಮ್ಮೆಗೆ ಹತ್ತು ನಿಮಿಷವೆಂದರೂ ಐದು ಗಂಟೆ. ಚರ್ಮ ಉಜ್ಜದಂತೆ ಹೊರಳಿಸಲು ಇಬ್ಬರು ಬೇಕು. ಅಷ್ಟರಲ್ಲಿ ಇನ್ನೊಬ್ಬರು ಮೂತ್ರಕ್ಕೆಂದು ಎದ್ದು ಕತ್ತಲಲ್ಲಿ ಜಾರಿದರೆ ಹಿಡಿಯುವವರು ಯಾರು? ಹಾಗಾಗಿ ಹಾಸಿಗೆಗಳ ಸಂಖ್ಯೆ ನೋಡಿ ಸಿಬ್ಬಂದಿ ನಿರ್ಧರಿಸುವುದು ತಪ್ಪು. ತಾವಾಗಿ ನಡೆಯುವವರೆಷ್ಟು, ಉಣಿಸಬೇಕಾದವರೆಷ್ಟು, ಹೊರಳಿಸಬೇಕಾದವರೆಷ್ಟು ಎಂದು ನೋಡಬೇಕು.

ಅಮೆರಿಕದ ಕೇಂದ್ರ ಸರಕಾರ 2024ರಲ್ಲಿ ನರ್ಸಿಂಗ್ ಹೋಮ್‌ಗಳಿಗೆ, ಅಲ್ಲಿರುವ ಒಬ್ಬೊಬ್ಬರಿಗೆ ದಿನಕ್ಕೆ 3.48 ಗಂಟೆಯ ಆರೈಕೆಗೆ ಸಾಕಾಗುವಷ್ಟು ಸಿಬ್ಬಂದಿ ಇರಬೇಕೆಂದು ನಿಯಮ ತಂದಿತು. ಉದ್ಯಮದವರು ಕೋರ್ಟಿಗೆ ಹೋದರು. 2025ರಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದುಪಡಿಸಿತು. ನಿಯಮ ಹೋದರೂ ಅಳತೆ ನಮಗೆ ಉಪಯುಕ್ತ. 30 ವೃದ್ಧರಿಗೆ ಅದು ದಿನಕ್ಕೆ ಸುಮಾರು 104 ಗಂಟೆ, ಎಂಟು ಗಂಟೆಯ ಪಾಳಿಯಲ್ಲಿ ದಿನವೊಂದಕ್ಕೆ 13 ಮಂದಿ.

ಪಾಳಿಯ ಹೊತ್ತೂ ಮುಖ್ಯ. ಬೆಳಿಗ್ಗೆ 7ಕ್ಕೆ ಪಾಳಿ ಬದಲಾಗುವ ಕಡೆ, ಶೌಚ, ಸ್ನಾನ, ಇನ್ಸುಲಿನ್, ತಿಂಡಿ ಎಲ್ಲವೂ ಅದೇ ಹೊತ್ತಿಗೆ ಬರುತ್ತವೆ. 6ರಿಂದ 10ರವರೆಗೆ ಒಬ್ಬ ಸಹಾಯಕಿಯನ್ನು ಹೆಚ್ಚುವರಿಯಾಗಿ ಇಟ್ಟುಕೊಂಡರೆ ದೊಡ್ಡ ಖರ್ಚಿಲ್ಲದೆ ಬಹಳ ಅನುಕೂಲ. ಹೋಗುವವರು, ಬರುವವರು ಹದಿನೈದು ನಿಮಿಷ ಜೊತೆಗಿದ್ದು, ಯಾರು ಊಟ ಮಾಡಲಿಲ್ಲ, ಯಾರ ಮಾತ್ರೆ ತಪ್ಪಿತು ಎಂದು ಪುಸ್ತಕದಲ್ಲಿ ಬರೆದು ಒಪ್ಪಿಸಬೇಕು. ರಾತ್ರಿ ಪಾಳಿ ಮುಗಿಸಿದವರನ್ನು ಅದೇ ಮಧ್ಯಾಹ್ನ ಮತ್ತೆ ಕರೆಸುವ ಕೇಂದ್ರವನ್ನು ನಾನಂತೂ ನಂಬಲಾರೆ. ನಿದ್ದೆಗೆಟ್ಟ ಕೈಯಲ್ಲಿ ಇನ್ಸುಲಿನ್ ಸಿರಿಂಜ್ ಅಪಾಯ.

ರಮಝಾನ್‌ನಲ್ಲಿ ಇನ್ನೊಂದು ತೊಡಕಿದೆ. ವೈದ್ಯರನ್ನು ಕೇಳಿ ಉಪವಾಸವಿರುವ ವೃದ್ಧರ ಔಷಧಿ ಇಫ್ತಾರ್ ಮತ್ತು ಸಹರಿಯ ಹೊತ್ತಿಗೆ ಬದಲಾಗಿರುತ್ತದೆ. ಉಪವಾಸವಿರುವ ನರ್ಸ್‌ಗೂ ಅದೇ ಬಿಡುವಿನ ಹೊತ್ತು. ಆ ಅರ್ಧ ಗಂಟೆಗೆ ಯಾರು ಎಂಬುದನ್ನು ತಿಂಗಳು ಶುರುವಾಗುವ ಮೊದಲೇ ಬರೆದಿಡಬೇಕು.

ಸೇರಿಸುವ ಮುನ್ನ ಈ ತಿಂಗಳ ಡ್ಯೂಟಿ ಪಟ್ಟಿ ತೋರಿಸಿ ಎಂದು ಕೇಳಿ. ರಾತ್ರಿಯ ಸಾಲಿನಲ್ಲಿ ಎಷ್ಟು ಹೆಸರಿವೆ, ಒಂದೇ ಹೆಸರು ಎಷ್ಟು ರಾತ್ರಿ ಸತತವಾಗಿ ಬಂದಿದೆ ಎಂದು ಎಣಿಸಿ. ಅವರು ಒಪ್ಪಿದರೆ ರಾತ್ರಿ ಒಂಬತ್ತರ ನಂತರ ಒಮ್ಮೆ ಹೋಗಿ ನೋಡಿ ಬನ್ನಿ.